ಗಣಕದ ಮೋಡ ಮತ್ತು ಅದರ ಸೇವೆಯ ಅಳತೆ

ಚಿಕ್ಕಮಗಳೂರು ತಾಲ್ಲೂಕಿನ ಮಲ್ಲಂದೂರಿನ ಸುತ್ತಮುತ್ತಣ ಜನಕ್ಕೆ ಮೋಡದ ಮಹಿಮೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಕವಿದ ಮೋಡ ಒಂದು ಇಂಚು ಮಳೆಯನ್ನು ಸುರಿಸಿ ಹೋದರೆ ಕಾಫಿಯ ಗಿಡ ಮೈತುಂಬ ಹೂವಾಗುತ್ತದೆ. ಅದೇ ಮೋಡ ಕುಯಿಲಿನ ದಿನಗಳಲ್ಲಿ ಅಕಾಲವಾಗಿ ಬಂದಿತೆಂದರೆ, ಕಣದಲ್ಲಿ ಹರಡಿದ ಕಾಫಿ ನೆನೆದು ವರ್ಷದ ದುಡಿಮೆ ಕೆಡುತ್ತದೆ. ಮೋಡ ಬರುವುದು ಮಾತ್ರ ಮುಖ್ಯವಲ್ಲ. ತಕ್ಕ ಕಾಲಕ್ಕೆ, ತಕ್ಕ ಪ್ರಮಾಣದಲ್ಲಿ ಬರುವುದು ಮುಖ್ಯ ಎಂಬುದು ಅಲ್ಲಿಯ ಬೆಳೆಗಾರನಿಗೂ ಕೂಲಿಗಾರನಿಗೂ ಅನುಭವಸಿದ್ಧವಾದ ಸಂಗತಿ.

ಈಚಿನ ವರ್ಷಗಳಲ್ಲಿ ಇಂಥ ಊರುಗಳ ಜೀವನದಲ್ಲಿ ಇನ್ನೊಂದು ಬಗೆಯ ಮೋಡವೂ ಪ್ರವೇಶಿಸಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಹೊಲದ ಪಹಣಿ, ನ್ಯಾಯಬೆಲೆ ಅಂಗಡಿಯ ಪಡಿತರ, ಬ್ಯಾಂಕಿನ ಲೆಕ್ಕ, ಪರೀಕ್ಷೆಯ ಫಲಿತಾಂಶ, ಮಳೆಯ ಮುನ್ಸೂಚನೆ ಇವೆಲ್ಲವೂ ದೂರದಲ್ಲೆಲ್ಲೋ ಇರುವ ಗಣಕಯಂತ್ರಗಳಿಂದ ಬರುತ್ತವೆ. ಅವು ಬಾರದೆ ಹೋದಾಗ ನಮ್ಮ ಊರುಗಳಲ್ಲೆಲ್ಲ ಕೇಳಿಬರುವ ಮಾತು ಒಂದೇ: “ಸರ್ವರ್ ಇಲ್ಲ, ನಾಳೆ ಬನ್ನಿ.” ಒಂದು ದಿನದ ಕೂಲಿಯನ್ನು ಬಿಟ್ಟು ಬಂದವನಿಗೆ ಈ ಮಾತಿನ ಬೆಲೆ ಎಷ್ಟೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಇಲ್ಲವಾದುದು ಯಾವುದು? ಅದು ಎಲ್ಲಿತ್ತು? ಅದರ ಇರವನ್ನೂ ಇಲ್ಲದಿರುವಿಕೆಯನ್ನೂ ಅಳೆಯಲು ಸಾಧ್ಯವೇ? ಈ ಪ್ರಶ್ನೆಗಳನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಹೆಸರು ಬಂದ ಬಗೆ

ಇಂಗ್ಲಿಷಿನಲ್ಲಿ ಇದಕ್ಕೆ ‘ಕ್ಲೌಡ್ ಕಂಪ್ಯೂಟಿಂಗ್’ ಎಂದು ಹೆಸರು. ಕನ್ನಡದಲ್ಲಿ ‘ಮೇಘಗಣನೆ’ ಎನ್ನಬಹುದು. ಆಕಾಶದ ಮೋಡಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ದೂರವಾಣಿ ಮತ್ತು ಗಣಕಜಾಲಗಳ ನಕ್ಷೆಯನ್ನು ಬರೆಯುವ ಇಂಜಿನಿಯರುಗಳು, ಯಾವ ಭಾಗದ ಒಳರಚನೆಯನ್ನು ವಿವರಿಸುವ ಅಗತ್ಯವಿಲ್ಲವೋ ಆ ಭಾಗವನ್ನು ಒಂದು ಮೋಡದ ಆಕೃತಿಯಿಂದ ಸೂಚಿಸುತ್ತಿದ್ದರು. ‘ಇದರೊಳಗೆ ಏನೇ ಇರಲಿ, ಈ ಕಡೆಯಿಂದ ಹೋದ ಸಂದೇಶ ಆ ಕಡೆಗೆ ತಲಪುತ್ತದೆ’ ಎಂಬುದಷ್ಟೇ ಅದರ ಅರ್ಥ. ಬರಬರುತ್ತ ಆ ಆಕೃತಿಯ ಹೆಸರೇ ವಿದ್ಯೆಯ ಹೆಸರಾಯಿತು.

ಮೋಡವೆಂದು ಕರೆದ ಮಾತ್ರಕ್ಕೆ ಇದು ಹಗುರವಾದ ವಸ್ತುವೆಂದು ಭಾವಿಸಬಾರದು. ಇದರ ಒಡಲು ದತ್ತಾಂಶ ಕೇಂದ್ರಗಳೆಂಬ ಭಾರಿ ಕಟ್ಟಡಗಳು. ಅಲ್ಲಿ ಸಾವಿರಾರು ಗಣಕಯಂತ್ರಗಳು ಸಾಲುಸಾಲಾದ ಚೌಕಟ್ಟುಗಳಲ್ಲಿ ಹಗಲಿರುಳು ಕೆಲಸಮಾಡುತ್ತಿರುತ್ತವೆ. ಅವುಗಳ ಕಾವನ್ನು ತಗ್ಗಿಸಲು ತಂಪುಮಾಡುವ ಯಂತ್ರಗಳೂ, ವಿದ್ಯುತ್ತು ನಿಂತರೆ ಒದಗಲೆಂದು ಬ್ಯಾಟರಿ ಮತ್ತು ಜನರೇಟರುಗಳೂ ಇರುತ್ತವೆ. ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯ ಅಂದಾಜಿನಂತೆ ೨೦೨೪ರಲ್ಲಿ ಪ್ರಪಂಚದ ದತ್ತಾಂಶ ಕೇಂದ್ರಗಳೆಲ್ಲ ಸೇರಿ ಬಳಸಿದ ವಿದ್ಯುತ್ತು, ಲೋಕದ ಒಟ್ಟು ಬಳಕೆಯಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು. ಈ ‘ಮೋಡ’ ನೆಲಕ್ಕೆ ಎಷ್ಟು ಬಲವಾಗಿ ಅಂಟಿಕೊಂಡಿದೆಯೆಂಬುದಕ್ಕೆ ಇದೇ ಸಾಕ್ಷಿ.

ಹಂಚಿಕೊಂಡು ಬಳಸುವ ಶಕ್ತಿ

ಮೇಘಗಣನೆಯ ಮೂಲತತ್ತ್ವ ನಮ್ಮ ನಾಡಿಗೆ ಅಪರಿಚಿತವಾದುದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಮೊದಲು ಯಂತ್ರಗಳನ್ನು ನಡೆಸುತ್ತಿದ್ದುದು ಅಲ್ಲಲ್ಲಿಯೇ ಉರಿಯುತ್ತಿದ್ದ ಉಗಿಯಂತ್ರಗಳಿಂದ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ಜಲವಿದ್ಯುತ್ತು ತಂತಿಯ ಮೂಲಕ ಸುಮಾರು ೧೪೭ ಕಿಲೋಮೀಟರ್ ದೂರ ಹರಿದು ಗಣಿಗಳನ್ನು ಮುಟ್ಟಿತು. ಶಕ್ತಿಯನ್ನು ಬಳಸುವವನು ಶಕ್ತಿಯ ಕಾರ್ಖಾನೆಯನ್ನೂ ಇಟ್ಟುಕೊಂಡಿರಬೇಕೆಂಬ ನಿಯಮ ಅಲ್ಲಿಗೆ ತಪ್ಪಿತು. ಬೇಕಾದಷ್ಟನ್ನು ಪಡೆದು, ಬಳಸಿದಷ್ಟಕ್ಕೆ ಹಣ ತೆತ್ತರೆ ಸಾಕು.

ಕಾಫಿಯ ಸೀಮೆಯಿಂದಲೇ ಇನ್ನೊಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಸಣ್ಣ ಬೆಳೆಗಾರನು ತನ್ನ ಕಾಫಿಯನ್ನು ಕಣದಲ್ಲಿ ಒಣಗಿಸುತ್ತಾನೆಯೇ ಹೊರತು, ಸಿಪ್ಪೆ ಬಿಡಿಸಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ದೊಡ್ಡ ಯಂತ್ರಗಳನ್ನು ತಾನೇ ಕೊಂಡು ಇಡುವುದಿಲ್ಲ. ವರ್ಷದಲ್ಲಿ ಕೆಲವೇ ವಾರ ಬೇಕಾಗುವ ಯಂತ್ರಕ್ಕೆ ಅಷ್ಟು ಬಂಡವಾಳ ಹಾಕುವುದು ಅವಿವೇಕ. ಆದುದರಿಂದ ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಮೂಟೆಗಳನ್ನು ಕಳುಹಿಸಿ, ತೂಕಕ್ಕೆ ತಕ್ಕ ಶುಲ್ಕ ಕೊಡುತ್ತಾನೆ. ಒಂದೇ ಕಾರ್ಖಾನೆ ನೂರಾರು ಬೆಳೆಗಾರರ ಕೆಲಸವನ್ನು ಸರದಿಯಲ್ಲಿ ಮುಗಿಸುತ್ತದೆ. ಗಣನೆಯ ಕೆಲಸವನ್ನೂ ಹೀಗೆಯೇ ಹಂಚಿಕೊಳ್ಳುವುದೇ ಮೇಘಗಣನೆ.

ಈ ಆಲೋಚನೆ ತೀರ ಹೊಸದೂ ಅಲ್ಲ. ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿಯವರು ೧೯೬೧ರಲ್ಲಿಯೇ, ದೂರವಾಣಿಯಂತೆ ಗಣನೆಯೂ ಒಂದು ದಿನ ಸಾರ್ವಜನಿಕ ಸೌಕರ್ಯವಾಗಬಹುದೆಂದು ಹೇಳಿದ್ದರು. ಅದಕ್ಕೆ ತಕ್ಕ ಜಾಲ ಆಗ ಇರಲಿಲ್ಲ. ೨೦೦೬ರಲ್ಲಿ ಅಮೆಜಾನ್ ಸಂಸ್ಥೆ ತನ್ನ ಗಣಕಶಕ್ತಿಯನ್ನೂ ಸಂಗ್ರಹಸ್ಥಾನವನ್ನೂ ಯಾರು ಬೇಕಾದರೂ ಬಳಕೆಯ ಮೇರೆಗೆ ಬಾಡಿಗೆಗೆ ಪಡೆಯುವ ಏರ್ಪಾಡನ್ನು ಆರಂಭಿಸಿತು. ಭಾರತ ಸರ್ಕಾರದ ‘ಮೇಘರಾಜ್’ ಯೋಜನೆಯ ರಾಷ್ಟ್ರೀಯ ಮೇಘ ೨೦೧೪ರಲ್ಲಿ ಕೆಲಸಕ್ಕೆ ತೊಡಗಿತು.

ಒಂದು ಯಂತ್ರದೊಳಗೆ ಹಲವು ಯಂತ್ರ

ಒಂದು ಗಣಕವನ್ನು ಹಲವರು ಹಂಚಿಕೊಂಡರೆ ಒಬ್ಬರ ಕಾಗದಪತ್ರ ಇನ್ನೊಬ್ಬರ ಕೈಗೆ ಸಿಕ್ಕುವುದಿಲ್ಲವೇ? ಇದು ಸಹಜವಾದ ಶಂಕೆ. ಹಿಂದೆ ಕಾಫಿ ಮಂಡಳಿಯ ಪೂಲ್ ಪದ್ಧತಿಯಲ್ಲಿ ಎಲ್ಲ ಬೆಳೆಗಾರರ ಕಾಫಿಯೂ ಒಂದೇ ರಾಶಿಗೆ ಸೇರುತ್ತಿತ್ತು. ಸೇರಿದ ಮೇಲೆ ಯಾರ ಬೀಜ ಯಾವುದೆಂದು ಗುರುತಿಸುವಂತಿರಲಿಲ್ಲ. ಮೇಘಗಣನೆಯಲ್ಲಿ ಯಂತ್ರವು ಪೂಲಿಗೆ ಸೇರುತ್ತದೆಯೇ ಹೊರತು ದತ್ತಾಂಶ ಸೇರಕೂಡದು. ಈ ಭೇದವನ್ನು ಕಾಪಾಡುವ ಉಪಾಯವನ್ನು ‘ಕಲ್ಪಿತ ಯಂತ್ರ’ ಎನ್ನಬಹುದು.

ಒಂದು ದೊಡ್ಡ ಗಣಕದ ಮೇಲೆ ಮೇಲ್ವಿಚಾರಕನಂತಿರುವ ಒಂದು ವಿಶೇಷ ತಂತ್ರಾಂಶ ನಡೆಯುತ್ತಿರುತ್ತದೆ. ಅದು ಗಣಕದ ಕಾಲವನ್ನೂ ನೆನಪಿನ ಕೋಶಗಳನ್ನೂ ಭಾಗಮಾಡಿ, ಪ್ರತಿಯೊಬ್ಬ ಬಳಕೆದಾರನಿಗೂ ‘ಇಡೀ ಯಂತ್ರ ನನ್ನದೇ’ ಎಂಬ ಭಾವನೆ ಬರುವಂತೆ ಒದಗಿಸುತ್ತದೆ. ಒಬ್ಬನ ಭಾಗಕ್ಕೆ ಇನ್ನೊಬ್ಬನು ಕೈಹಾಕದಂತೆ ಗೋಡೆಯನ್ನೂ ಕಟ್ಟುತ್ತದೆ. ಐ.ಬಿ.ಎಂ. ಸಂಸ್ಥೆ ೧೯೬೦ರ ದಶಕದಲ್ಲಿ ಈ ಉಪಾಯವನ್ನು ಪ್ರಯೋಗಿಸಿ, ೧೯೭೨ರಲ್ಲಿ ತನ್ನ ದೊಡ್ಡ ಗಣಕಗಳೊಡನೆ ಮಾರುಕಟ್ಟೆಗೆ ತಂದಿತು. ಇಂದಿನ ಮೇಘದ ಅಡಿಪಾಯ ಇದೇ.

ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ೨೦೧೧ರಲ್ಲಿ ಮೇಘಗಣನೆಗೆ ಐದು ಲಕ್ಷಣಗಳನ್ನು ಹೇಳಿತು. ಯಾರ ಮಧ್ಯಸ್ಥಿಕೆಯೂ ಇಲ್ಲದೆ ಬೇಕೆಂದಾಗ ಪಡೆಯಬಹುದು, ಜಾಲದ ಮೂಲಕ ಎಲ್ಲಿಂದಲಾದರೂ ಬಳಸಬಹುದು, ಸಾಧನಗಳೆಲ್ಲ ಒಂದು ಒಟ್ಟು ಸಂಚಯದಲ್ಲಿದ್ದು ಹಲವರಿಗೆ ಹಂಚಿಕೆಯಾಗುತ್ತವೆ, ಬೇಡಿಕೆಗೆ ತಕ್ಕಂತೆ ಬೇಗ ಹಿಗ್ಗುತ್ತವೆ, ಕುಗ್ಗುತ್ತವೆ, ಬಳಸಿದುದಕ್ಕೆ ಅಳತೆಯುಂಟು. ಸೇವೆಯಲ್ಲಿಯೂ ಮೂರು ಬಗೆ. ಕಾಫಿಯನ್ನೇ ನೋಡಿರಿ: ಬೀಜವನ್ನು ಕೊಂಡು ಮನೆಯಲ್ಲಿ ಹುರಿದು ಪುಡಿಮಾಡಿಕೊಳ್ಳಬಹುದು, ಸಿದ್ಧವಾದ ಪುಡಿಯನ್ನು ಕೊಂಡು ಡಿಕಾಕ್ಷನ್ ಇಳಿಸಬಹುದು, ಹೋಟೆಲಿನಲ್ಲಿ ಕುಳಿತು ಲೋಟದ ಕಾಫಿಯನ್ನೇ ಕುಡಿಯಬಹುದು. ಹಾಗೆಯೇ ಬರಿಯ ಯಂತ್ರಬಲವನ್ನು ಬಾಡಿಗೆಗೆ ಪಡೆಯುವುದು ಒಂದು. ತಂತ್ರಾಂಶ ರಚಿಸಲು ಅಣಿಮಾಡಿದ ವೇದಿಕೆಯನ್ನು ಪಡೆಯುವುದು ಇನ್ನೊಂದು. ಅಂಚೆಯಂತೆ, ಲೆಕ್ಕದ ಪುಸ್ತಕದಂತೆ ಸಿದ್ಧವಾದ ಸೇವೆಯನ್ನೇ ಪಡೆಯುವುದು ಮೂರನೆಯದು.

ಕನ್ನಡ ನಾಡಿನ ಎರಡು ನಿದರ್ಶನಗಳು

ಕರ್ನಾಟಕದ ‘ಭೂಮಿ’ ಯೋಜನೆ ಲೋಕದ ಗಮನವನ್ನು ಸೆಳೆದದ್ದು. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು ೨ ಕೋಟಿ ಭೂದಾಖಲೆಗಳನ್ನು, ಎಂದರೆ ೬೭ ಲಕ್ಷ ರೈತರ ಹಿಡುವಳಿಯ ವಿವರಗಳನ್ನು, ಈ ಶತಮಾನದ ಆರಂಭದ ವರ್ಷಗಳಲ್ಲಿ ಗಣಕಕ್ಕೆ ಏರಿಸಲಾಯಿತು. ಮೊದಲಲ್ಲಿ ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲಿಯೇ ಆ ತಾಲ್ಲೂಕಿನ ಪಹಣಿಗಳಿದ್ದುವು. ಬಳಿಕ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಬಂದು, ಎಲ್ಲಿಂದ ಬೇಕಾದರೂ ನೋಡುವಂತಾಯಿತು. ಇದರಿಂದ ಮಲ್ಲಂದೂರಿನ ರೈತನು ತನ್ನ ಪಹಣಿಯನ್ನು ನೋಡಲು ಚಿಕ್ಕಮಗಳೂರಿಗೆ ಹೋಗಲೇಬೇಕಾಗಿಲ್ಲ. ಆದರೆ ಒಂದು ಹೊಸ ಅವಲಂಬನೆಯೂ ಸೇರಿತು. ಊರಿಗೂ ಬೆಂಗಳೂರಿಗೂ ನಡುವಣ ದಾರಿ ತೆರೆದಿದ್ದರೆ ಮಾತ್ರ ಪಹಣಿ ಬರುತ್ತದೆ.

ಎರಡನೆಯದು ಮಳೆಯ ಲೆಕ್ಕ. ತೋಟದ ಬಂಗಲೆಯಲ್ಲಿ ಮಳೆಮಾಪಕವನ್ನಿಟ್ಟು, ಇಂಚು ಮತ್ತು ಸೆಂಟುಗಳಲ್ಲಿ ದಿನದಿನದ ಮಳೆಯನ್ನು ಬರೆದಿಡುವುದು ಕಾಫಿ ಬೆಳೆಗಾರರ ಹಳೆಯ ರೂಢಿ. ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿನ ಯಲಹಂಕದ ಕೇಂದ್ರಕ್ಕೆ ಮಳೆಯ ಅಳತೆಯನ್ನು ಕಳುಹಿಸುತ್ತವೆ. ಒಂದು ಮಾಪಕದಿಂದ ದಿನಕ್ಕೆ ೯೬ ಸಂದೇಶ. ಆರು ಸಾವಿರ ಮಾಪಕಗಳಿಂದ ೫,೭೬,೦೦೦ ಸಂದೇಶ. ಇಷ್ಟನ್ನೂ ಕೂಡಿಸಿ, ಹೋಲಿಸಿ, ಅಪಾಯ ಕಂಡಲ್ಲಿ ಎಚ್ಚರಿಕೆ ಕೊಡುವುದು ಮನುಷ್ಯರ ಕೈಯಿಂದಲೇ ಆಗುವ ಕೆಲಸವಲ್ಲ. ‘ವರುಣಮಿತ್ರ’ ಎಂಬ ದೂರವಾಣಿ ಸೇವೆಗೆ ಕರೆಮಾಡಿದ ರೈತನಿಗೆ ದೊರೆಯುವ ಉತ್ತರದ ಹಿಂದೆ ಇಷ್ಟು ಗಣನೆ ಅಡಗಿದೆ. ೨೦೧೯ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದು ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿಹೋದುದನ್ನು ನೆನೆದರೆ, ಮಳೆಯ ಸುದ್ದಿ ಒಂದು ಗಂಟೆ ಮುಂಚೆ ಬರುವುದಕ್ಕೂ ಒಂದು ಗಂಟೆ ತಡವಾಗಿ ಬರುವುದಕ್ಕೂ ಇರುವ ಅಂತರ ತಿಳಿಯುತ್ತದೆ.

ಆದುದರಿಂದ ‘ಸೇವೆ ಇದೆ’ ಎಂದರೆ ಸಾಲದು. ‘ಎಂಥ ಸೇವೆ’ ಎಂದು ಕೇಳಬೇಕು. ಇದಕ್ಕೇ ಸೇವಾಗುಣವೆಂದು ಹೆಸರು. ಅದರ ಮುಖ್ಯ ಅಳತೆಗಳನ್ನು ಒಂದೊಂದಾಗಿ ನೋಡೋಣ.

ಲಭ್ಯತೆ: ಒಂಬತ್ತುಗಳ ಲೆಕ್ಕ

ಕೇಳಿದಾಗ ಸೇವೆ ಸಿಕ್ಕುವ ಕಾಲ, ಒಟ್ಟು ಕಾಲದಲ್ಲಿ ನೂರಕ್ಕೆ ಎಷ್ಟು ಪಾಲು ಎಂಬುದೇ ಲಭ್ಯತೆ. ನೂರಕ್ಕೆ ೯೯ ಎಂಬುದು ಪರೀಕ್ಷೆಯಲ್ಲಿ ಅತ್ಯುತ್ತಮ ಅಂಕ. ಆದರೆ ಸೇವೆಯಲ್ಲಿ ಹಾಗಲ್ಲ. ವರ್ಷಕ್ಕೆ ೮,೭೬೦ ಗಂಟೆ. ಅದರಲ್ಲಿ ನೂರರ ಒಂದು ಪಾಲೆಂದರೆ ೮೭.೬ ಗಂಟೆ, ಎಂದರೆ ಮೂರೂವರೆ ದಿನಗಳಿಗೂ ಮೀರಿದ ಕಾಲ ಸೇವೆ ಇಲ್ಲ! ೯೯.೯ ಆದರೆ ಸುಮಾರು ಎಂಟು ಮುಕ್ಕಾಲು ಗಂಟೆ, ೯೯.೯೯ ಆದರೆ ಸುಮಾರು ೫೩ ನಿಮಿಷ, ೯೯.೯೯೯ ಆದರೆ ಐದೂಕಾಲು ನಿಮಿಷ. ಒಂದೊಂದು ಒಂಬತ್ತನ್ನು ಸೇರಿಸಿದಾಗಲೂ ಕೊರತೆ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೆ ತಗಲುವ ವೆಚ್ಚವೋ ಏರುತ್ತಲೇ ಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸರಾಸರಿ ಯಾವಾಗಲೂ ಇಡೀ ಸತ್ಯವನ್ನು ಹೇಳುವುದಿಲ್ಲ. ವರ್ಷದ ಮೂರೂವರೆ ದಿನಗಳ ಕೊರತೆ ದಿನಕ್ಕೆ ಕಾಲು ಗಂಟೆಯಂತೆ ಹರಡಿದ್ದರೆ ಯಾರಿಗೂ ಹೆಚ್ಚು ತೊಂದರೆಯಿಲ್ಲ. ಅದೇ ಕೊರತೆ ಆಗಸ್ಟಿನ ಭಾರಿ ಮಳೆಯ ದಿನಗಳಲ್ಲಿ ಒಟ್ಟಿಗೆ ಬಂದರೆ, ಸೇವೆ ಅತ್ಯಗತ್ಯವಾದಾಗಲೇ ಇಲ್ಲವಾಯಿತು. ಲೆಕ್ಕದಲ್ಲಿ ಎರಡೂ ನೂರಕ್ಕೆ ೯೯ ಮಾತ್ರವೇ.

ಉತ್ತರದ ಕಾಲ: ಸಾಲಿನ ಗಣಿತ

ಕೇಳಿದ ಮೇಲೆ ಉತ್ತರ ಬರಲು ಹಿಡಿಯುವ ಕಾಲ ಎರಡನೆಯ ಅಳತೆ. ಅದರಲ್ಲಿ ಒಂದು ಭಾಗ ದಾರಿಯದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್ ವೇಗದಿಂದ ಸಾಗುತ್ತದೆ. ಮಲ್ಲಂದೂರಿನಿಂದ ಬೆಂಗಳೂರಿಗೆ ಸುಮಾರು ೨೫೦ ಕಿಲೋಮೀಟರ್ ಎಂದಿಟ್ಟುಕೊಂಡರೆ, ಬೆಳಕಿಗೆ ಬೇಕಾದುದು ಒಂದೂಕಾಲು ಮಿಲಿಸೆಕೆಂಡು. ಅಮೆರಿಕದ ಪೂರ್ವತೀರಕ್ಕಾದರೆ ಕಡಮೆಯೆಂದರೂ ೭೦ ಮಿಲಿಸೆಕೆಂಡು. ಭೂಸ್ಥಿರ ಉಪಗ್ರಹವು ೩೫,೭೮೬ ಕಿಲೋಮೀಟರ್ ಎತ್ತರದಲ್ಲಿರುವುದರಿಂದ, ಅದರ ಮೂಲಕ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿನ ಹತ್ತಿರವಾಗುತ್ತದೆ. ಈ ಕಾಲವನ್ನು ಯಾವ ಹಣವೂ ಕಡಮೆಮಾಡಲಾರದು. ದತ್ತಾಂಶ ಕೇಂದ್ರವನ್ನು ಹತ್ತಿರಕ್ಕೆ ತರುವುದೊಂದೇ ದಾರಿ.

ಆದರೆ ನಾವು ಪರದೆಯ ಮುಂದೆ ಕಾಯುವ ನಿಮಿಷಗಳಿಗೆ ಕಾರಣ ಅನೇಕ ವೇಳೆ ದೂರವಲ್ಲ, ಸಾಲು. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ ಅವರು ೧೯೦೯ರಲ್ಲಿ ದೂರವಾಣಿ ಕೇಂದ್ರಗಳ ಕರೆಗಳನ್ನು ಕುರಿತು ವಿಚಾರಮಾಡಿ ಸಾಲಿನ ಗಣಿತಕ್ಕೆ ಅಡಿಪಾಯ ಹಾಕಿದರು. ಒಂದು ಗಣಕ ನಿಮಿಷಕ್ಕೆ ಸರಾಸರಿ ೧೦ ಕೋರಿಕೆಗಳನ್ನು ಪೂರೈಸಬಲ್ಲದೆನ್ನೋಣ. ಕೋರಿಕೆಗಳು ಕ್ರಮವಿಲ್ಲದೆ, ಒಮ್ಮೆ ಗುಂಪಾಗಿ ಒಮ್ಮೆ ಬಿಡಿಯಾಗಿ ಬರುತ್ತವೆ. ಅತ್ಯಂತ ಸರಳವಾದ ಸೂತ್ರದ ಪ್ರಕಾರ, ಪೂರೈಸುವ ಶಕ್ತಿಯಿಂದ ಬರುವ ಕೋರಿಕೆಗಳನ್ನು ಕಳೆದು, ಉಳಿದುದರಿಂದ ಒಂದನ್ನು ಭಾಗಿಸಿದರೆ ಸರಾಸರಿ ಕಾಲ ದೊರೆಯುತ್ತದೆ. ನಿಮಿಷಕ್ಕೆ ೫ ಕೋರಿಕೆ ಬಂದರೆ ೧೨ ಸೆಕೆಂಡು, ೮ ಬಂದರೆ ೩೦ ಸೆಕೆಂಡು, ೯ ಬಂದರೆ ಒಂದು ನಿಮಿಷ, ೯.೯ ಬಂದರೆ ಹತ್ತು ನಿಮಿಷ! ಕೋರಿಕೆ ಐದರಿಂದ ಒಂಬತ್ತು ಚಿಲ್ಲರೆಗೆ, ಎಂದರೆ ಎರಡರಷ್ಟೂ ಆಗದೆ ಇರುವಾಗಲೇ ಕಾಲ ಐವತ್ತರಷ್ಟಾಯಿತು. ಹತ್ತನ್ನು ಮೀರಿದರೆ ಸಾಲು ಕರಗುವುದೇ ಇಲ್ಲ.

ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಆಗುವುದು ಇದೇ. ರಾಜ್ಯದ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರ ಮನೆಯವರು, ನೆಂಟರಿಷ್ಟರು ಎಲ್ಲರೂ ಒಂದೇ ಗಳಿಗೆಯಲ್ಲಿ ಒಂದೇ ಬಾಗಿಲನ್ನು ತಟ್ಟುತ್ತಾರೆ. ವರ್ಷದಲ್ಲಿ ಒಂದು ದಿನದ ನೂಕುನುಗ್ಗಲಿಗಾಗಿ ನೂರು ಗಣಕಗಳನ್ನು ಕೊಂಡಿಟ್ಟರೆ ಉಳಿದ ದಿನಗಳಲ್ಲಿ ಅವು ವ್ಯರ್ಥ; ಎರಡೇ ಇದ್ದರೆ ಆ ದಿನ ಸಾಲು ಬೆಳೆಯುತ್ತದೆ. ಮೇಘದ ಹಿಗ್ಗುವ ಗುಣ ಇಲ್ಲಿ ಸಾರ್ಥಕವಾಗುತ್ತದೆ. ಕುಯಿಲಿಗೆ ಹೆಚ್ಚು ಆಳುಗಳನ್ನು ಕರೆಸುವಂತೆ, ಆ ಕೆಲವು ಗಂಟೆಗಳಿಗೆ ಮಾತ್ರ ಹೆಚ್ಚು ಗಣಕಗಳನ್ನು ಕರೆಸಿಕೊಳ್ಳಬಹುದು. ಆದರೆ ತಂತ್ರಾಂಶವನ್ನು ಹಾಗೆ ಹಂಚಿಕೊಂಡು ದುಡಿಯುವಂತೆ ಮೊದಲೇ ರಚಿಸಿರಬೇಕು; ಇಲ್ಲವಾದರೆ ಆಳು ಬಂದರೂ ಬುಟ್ಟಿಯಿಲ್ಲದಂತಾಗುತ್ತದೆ.

ಉತ್ತರದ ಕಾಲದಲ್ಲಿಯೂ ಸರಾಸರಿಯನ್ನು ನಂಬಿ ಮೋಸಹೋಗಬಾರದು. ನೂರು ಕೋರಿಕೆಗಳಲ್ಲಿ ೯೫ಕ್ಕೆ ಒಂದು ಸೆಕೆಂಡಿನಲ್ಲಿ, ಉಳಿದ ೫ಕ್ಕೆ ೪೧ ಸೆಕೆಂಡಿನಲ್ಲಿ ಉತ್ತರ ಬಂದರೆ ಸರಾಸರಿ ಮೂರೇ ಸೆಕೆಂಡು. ಆದರೆ ಮೂರು ಸೆಕೆಂಡಿನಲ್ಲಿ ಉತ್ತರ ಪಡೆದವರು ಒಬ್ಬರೂ ಇಲ್ಲ. ಆದುದರಿಂದ ‘ನೂರರಲ್ಲಿ ೯೫ ಮಂದಿಗೆ ಎಷ್ಟರೊಳಗೆ, ೯೯ ಮಂದಿಗೆ ಎಷ್ಟರೊಳಗೆ’ ಎಂದು ಅಳೆಯುವುದೇ ಸರಿಯಾದ ಕ್ರಮ.

ಸರಪಳಿಯ ಬಲ

ಈಗ ‘ಸರ್ವರ್ ಇಲ್ಲ’ ಎಂಬ ಮಾತಿಗೆ ಬರೋಣ. ಈ ಮಾತನ್ನಾಡಿದಾಗ ಸರ್ವರ್ ಅನೇಕ ವೇಳೆ ಇರುತ್ತದೆ. ಇಲ್ಲದಿರುವುದು ನಡುವಣ ಯಾವುದೋ ಒಂದು ಕೊಂಡಿ. ಊರಿನ ವಿದ್ಯುತ್ತು, ಮೊಬೈಲ್ ಗೋಪುರ, ಗೋಪುರದಿಂದ ಪಟ್ಟಣಕ್ಕೆ ಹೋಗುವ ಗಾಜಿನೆಳೆ, ಕೊನೆಗೆ ದತ್ತಾಂಶ ಕೇಂದ್ರ ಈ ನಾಲ್ಕೂ ಏಕಕಾಲದಲ್ಲಿ ಸರಿಯಾಗಿದ್ದರೆ ಮಾತ್ರ ಸೇವೆ. ಉದಾಹರಣೆಗಾಗಿ ಅವುಗಳ ಲಭ್ಯತೆ ಕ್ರಮವಾಗಿ ನೂರಕ್ಕೆ ೯೫, ೯೭, ೯೯ ಮತ್ತು ೯೯.೯೯ ಎಂದು ಭಾವಿಸೋಣ. ಒಂದರ ಕೆಡುವಿಕೆಗೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದೂ ಇಟ್ಟುಕೊಳ್ಳೋಣ. ಆಗ ಒಟ್ಟು ಲಭ್ಯತೆಯನ್ನು ಗುಣಿಸಿ ಪಡೆಯಬೇಕು: ೦.೯೫ × ೦.೯೭ × ೦.೯೯ × ೦.೯೯೯೯ = ೦.೯೧೨. ಎಂದರೆ ನೂರಕ್ಕೆ ೯೧ ಚಿಲ್ಲರೆ. ದಿನಕ್ಕೆ ಎರಡು ಗಂಟೆಗೂ ಮಿಕ್ಕು ಸೇವೆಯಿಲ್ಲ. ಸರಪಳಿ ತನ್ನ ಅತ್ಯಂತ ದುರ್ಬಲವಾದ ಕೊಂಡಿಗಿಂತಲೂ ದುರ್ಬಲವಾಯಿತು!

ಈ ಲೆಕ್ಕದಿಂದ ಒಂದು ಮುಖ್ಯವಾದ ಪಾಠ ದೊರೆಯುತ್ತದೆ. ಬೆಂಗಳೂರಿನ ಕೇಂದ್ರಕ್ಕೆ ಕೋಟಿಗಟ್ಟಲೆ ಸುರಿದು ೯೯.೯೯ನ್ನು ೯೯.೯೯೯ಕ್ಕೆ ಏರಿಸಿದರೂ ಊರಿನವರಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಊರಿನ ಕಚೇರಿಗೆ ಒಂದು ಒಳ್ಳೆಯ ಬ್ಯಾಟರಿಯನ್ನಿಟ್ಟು ವಿದ್ಯುತ್ತಿನ ಲಭ್ಯತೆಯನ್ನು ೯೫ರಿಂದ ೯೯ಕ್ಕೆ ಏರಿಸಿದರೆ ಒಟ್ಟು ೯೧ರಿಂದ ೯೫ಕ್ಕೆ ಏರುತ್ತದೆ. ದಿನದ ಕೊರತೆ ಎರಡು ಗಂಟೆಯಿಂದ ಒಂದು ಗಂಟೆ ಹತ್ತು ನಿಮಿಷದ ಸುತ್ತಿಗೆ ಇಳಿಯುತ್ತದೆ. ಹಣವನ್ನು ಎಲ್ಲಿ ಹಾಕಬೇಕೆಂಬುದನ್ನು ಗುಣಾಕಾರವೇ ಹೇಳುತ್ತದೆ.

ಜೋಡಿ ಏರ್ಪಾಡು ಮತ್ತು ಅದರ ಮಿತಿ

ಸರಪಳಿಯನ್ನು ಬಲಪಡಿಸುವ ಮುಖ್ಯೋಪಾಯ ಜೋಡಿ ಏರ್ಪಾಡು. ನೂರಕ್ಕೆ ೯೯ರಷ್ಟು ಸಿಕ್ಕುವ ಎರಡು ದಾರಿಗಳಿದ್ದು, ಯಾವುದೊಂದಿದ್ದರೂ ಕೆಲಸ ನಡೆಯುವಂತಿದ್ದರೆ, ಎರಡೂ ಒಟ್ಟಿಗೆ ಇಲ್ಲವಾಗುವ ಸಂಭವ ನೂರರಲ್ಲೊಂದರ ನೂರರಲ್ಲೊಂದು ಪಾಲು. ಎಂದರೆ ಹತ್ತು ಸಾವಿರಕ್ಕೆ ಒಂದು. ಲಭ್ಯತೆ ಒಮ್ಮೆಗೇ ೯೯.೯೯ ಆಗುತ್ತದೆ. ಆದರೆ ಇದು ನಿಜವಾಗಬೇಕಾದರೆ ಎರಡು ದಾರಿಗಳೂ ಒಂದನ್ನೊಂದು ಅವಲಂಬಿಸದೆ ಸ್ವತಂತ್ರವಾಗಿರಬೇಕು. ಮಲೆನಾಡಿನಲ್ಲಿ ಈ ಷರತ್ತು ಸುಲಭವಾಗಿ ಮುರಿಯುತ್ತದೆ. ಗಾಳಿಮಳೆಗೆ ಒಂದು ಮರ ಉರುಳಿದರೆ ವಿದ್ಯುತ್ತಿನ ತಂತಿಯೂ ಅದೇ ಕಂಬಗಳ ಮೇಲಿನ ಗಾಜಿನೆಳೆಯೂ ಒಟ್ಟಿಗೆ ತುಂಡಾಗುತ್ತವೆ. ಎರಡು ಕಂಪನಿಗಳ ಮೊಬೈಲ್ ಸೇವೆಯಿದ್ದರೂ, ಎರಡಕ್ಕೂ ಗೋಪುರ ಒಂದೇ ಆಗಿದ್ದರೆ ಅದು ಜೋಡಿಯಲ್ಲ, ಒಂಟಿಯೇ.

ಇಂಥ ತಪ್ಪು ದೊಡ್ಡ ದೊಡ್ಡ ಕಡೆಗಳಲ್ಲಿಯೂ ನಡೆದಿದೆ. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒಂದು ದತ್ತಾಂಶ ಕೇಂದ್ರ ಬೆಂಕಿಗೆ ಆಹುತಿಯಾದಾಗ, ಪ್ರತಿಗಳನ್ನೂ ಅದೇ ಆವರಣದಲ್ಲಿಟ್ಟಿದ್ದ ಕೆಲವು ಗ್ರಾಹಕರು ಎಲ್ಲವನ್ನೂ ಕಳೆದುಕೊಂಡರು. ೨೦೨೫ರ ಸೆಪ್ಟೆಂಬರ್ ೨೬ರಂದು ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ಕೇಂದ್ರದಲ್ಲಿ ಬ್ಯಾಟರಿಯಿಂದ ಹತ್ತಿದ ಬೆಂಕಿ ಆರುನೂರಕ್ಕೂ ಹೆಚ್ಚು ಸರ್ಕಾರಿ ಸೇವೆಗಳನ್ನು ನಿಲ್ಲಿಸಿತು. ಸರ್ಕಾರಿ ನೌಕರರ ಕಡತಗಳ ೮೫೮ ಟೆರಾಬೈಟ್ ಸಂಗ್ರಹ, ಹೊರಗೆ ಪ್ರತಿಯಿಲ್ಲದುದರಿಂದ ನಾಶವಾಯಿತು.

ಇಲ್ಲಿ ಲಭ್ಯತೆಗೂ ಬಾಳಿಕೆಗೂ ಇರುವ ಭೇದ ಸ್ಪಷ್ಟವಾಗುತ್ತದೆ. ಬಾಗಿಲು ಒಂದು ದಿನ ಮುಚ್ಚಿದ್ದು ನಾಳೆ ತೆರೆದರೆ ಲಭ್ಯತೆಗೆ ಮಾತ್ರ ಊನ. ಒಳಗಿನ ಪಹಣಿಯೇ ಸುಟ್ಟುಹೋದರೆ ಬಾಳಿಕೆಗೆ ಊನ. ಮೊದಲನೆಯದು ತೊಂದರೆ, ಎರಡನೆಯದು ಅನರ್ಥ. ದಾಖಲೆಯ ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿಡುವುದೂ, ಆ ಪ್ರತಿಗಳಿಂದ ಮತ್ತೆ ಎಲ್ಲವನ್ನೂ ಕಟ್ಟಲು ಸಾಧ್ಯವೇ ಎಂದು ಆಗಾಗ ಪರೀಕ್ಷಿಸುವುದೂ ಇದಕ್ಕೆ ಮದ್ದು. ಅನ್ಯರು ಓದದಂತೆ ದತ್ತಾಂಶವನ್ನು ಗೂಢಲಿಪಿಯಲ್ಲಿಡುವುದೂ ಸೇವಾಗುಣದ ಅಂಗವೇ. ನಾಗರಿಕರ ಸ್ವಂತ ವಿವರಗಳನ್ನು ಕಾಪಾಡುವ ಹೊಣೆಯನ್ನು ಭಾರತದಲ್ಲಿ ೨೦೨೩ರ ಕಾಯಿದೆಯೊಂದು ಸಂಸ್ಥೆಗಳ ಮೇಲೆ ಹೊರಿಸಿದೆ.

ಕರಾರು ಮತ್ತು ಅದರ ಅಳತೆಗೋಲು

ಸೇವೆ ಕೊಡುವವನಿಗೂ ಪಡೆಯುವವನಿಗೂ ನಡುವೆ ಸೇವಾಮಟ್ಟದ ಕರಾರು ಆಗುತ್ತದೆ. ತಿಂಗಳಲ್ಲಿ ಇಷ್ಟು ಲಭ್ಯತೆ ಇರಬೇಕು, ತಪ್ಪಿದರೆ ಶುಲ್ಕದಲ್ಲಿ ಇಷ್ಟು ಪಾಲು ಬಿಡಬೇಕು ಎಂಬುದು ಅದರ ಸಾರಾಂಶ. ಇದು ಒಳ್ಳೆಯ ಪದ್ಧತಿ. ಆದರೆ ವಿದ್ಯಾರ್ಥಿಗಳು ಎರಡು ಅಂಶಗಳನ್ನು ಗಮನಿಸಬೇಕು. ಒಂದನೆಯದಾಗಿ, ಬಿಟ್ಟುಕೊಡುವುದು ಬಾಡಿಗೆಯ ಒಂದು ಭಾಗವನ್ನೇ ಹೊರತು ಬಳಕೆದಾರನಿಗಾದ ನಷ್ಟವನ್ನಲ್ಲ. ಎಚ್ಚರಿಕೆ ತಡವಾಗಿ ಬಂದು ಕಣದ ಕಾಫಿ ನೆನೆದರೆ ಅದನ್ನು ಯಾವ ಕರಾರೂ ಒಣಗಿಸಿಕೊಡುವುದಿಲ್ಲ. ಎರಡನೆಯದಾಗಿ, ಅಳತೆಗೋಲನ್ನು ಎಲ್ಲಿ ನೆಡುತ್ತಾರೆಂಬುದು ಮುಖ್ಯ. ದತ್ತಾಂಶ ಕೇಂದ್ರದ ಬಾಗಿಲಲ್ಲಿ ಅಳೆದರೆ ೯೯.೯೯, ಮಲ್ಲಂದೂರಿನಂಥ ಊರಿನ ಕಚೇರಿಯ ಕಿಟಕಿಯಲ್ಲಿ ಅಳೆದರೆ, ಮೇಲಿನ ನಮ್ಮ ಉದಾಹರಣೆಯಂತೆ, ೯೧. ಎರಡೂ ಸುಳ್ಳಲ್ಲ. ಆದರೆ ಸರದಿಯಲ್ಲಿ ನಿಂತವನಿಗೆ ಸಂಬಂಧಪಟ್ಟುದು ಎರಡನೆಯದು ಮಾತ್ರ. ನೀರಿನ ಸರಬರಾಜನ್ನು ಅಣೆಕಟ್ಟಿನಲ್ಲಿ ಅಳೆಯುವುದು ಬೇರೆ, ಮನೆಯ ನಲ್ಲಿಯಲ್ಲಿ ಅಳೆಯುವುದು ಬೇರೆ.

ಬೆಟ್ಟದ ಸೀಮೆಗೆ ತಕ್ಕ ಮೇಘ ಹೇಗಿರಬೇಕೆಂಬುದೂ ಇದರಿಂದಲೇ ತಿಳಿಯುತ್ತದೆ. ದಾರಿ ಆಗಾಗ ಮುಚ್ಚುವುದೆಂದು ಮೊದಲೇ ಒಪ್ಪಿಕೊಂಡು ರಚಿಸಿದ ಏರ್ಪಾಡು ಅದಾಗಿರಬೇಕು. ಊರಿನ ಯಂತ್ರವು ಮಾಡಬಹುದಾದಷ್ಟನ್ನು ತಾನೇ ಮಾಡಿ, ಬರೆದಿಟ್ಟುಕೊಂಡು, ಸಂಪರ್ಕ ಮರಳಿದಾಗ ಕೇಂದ್ರಕ್ಕೆ ಒಪ್ಪಿಸಬೇಕು. ದೊಡ್ಡ ಚಿತ್ರಗಳ ಬದಲು ಚಿಕ್ಕ ಸಂದೇಶಗಳನ್ನು ಕಳುಹಿಸಬೇಕು. ದುರ್ಬಲವಾದ ದಾರಿಯಲ್ಲಿಯೂ ಅವು ನುಸುಳುತ್ತವೆ. ಕಚೇರಿಯ ಕೆಲಸ ಗಣಕವಿಲ್ಲದ ವೇಳೆಯಲ್ಲಿ ಹೇಗೆ ನಡೆಯಬೇಕೆಂಬ ನಿಯಮವೂ ಬರೆದಿಟ್ಟಿರಬೇಕು. ಪಡಿತರಕ್ಕೆ ಬಂದ ಮುದುಕಿಯನ್ನು ಬರಿಗೈಯಲ್ಲಿ ಹಿಂದೆ ಕಳುಹಿಸುವುದು ಯಂತ್ರದ ದೋಷವಷ್ಟೇ ಅಲ್ಲ, ಯೋಜನೆಯ ದೋಷ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಈ ವಿಷಯದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಯಾವ ಪ್ರಯೋಗಾಲಯವೂ ಇಲ್ಲದೆ ಒಂದು ಪ್ರಯೋಗವನ್ನು ಮಾಡಬಹುದು. ಸಾರ್ವಜನಿಕರು ಬಳಸುವ ಯಾವುದಾದರೊಂದು ಸೇವೆಯನ್ನು ಆರಿಸಿಕೊಳ್ಳಿರಿ. ಮೂವತ್ತು ದಿನಗಳ ಕಾಲ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗೊತ್ತಾದ ಸಮಯದಲ್ಲಿ ಅದನ್ನು ತೆರೆದು, ತೆರೆಯಿತೇ ಇಲ್ಲವೇ, ಎಷ್ಟು ಸೆಕೆಂಡು ಹಿಡಿಯಿತು, ಆಗ ವಿದ್ಯುತ್ತು ಇತ್ತೇ, ಮಳೆ ಬರುತ್ತಿತ್ತೇ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ತೊಂಬತ್ತು ಸಲದಲ್ಲಿ ಎಂಬತ್ತನಾಲ್ಕು ಸಲ ತೆರೆದಿದ್ದರೆ ಲಭ್ಯತೆ ನೂರಕ್ಕೆ ೯೩.೩. ತೆರೆಯದ ಆರು ಸಲದಲ್ಲಿ ಎಷ್ಟು ಸಲ ಊರಿನಲ್ಲಿ ವಿದ್ಯುತ್ತಿರಲಿಲ್ಲ ಎಂದು ಎಣಿಸಿರಿ. ದುರ್ಬಲವಾದ ಕೊಂಡಿ ಯಾವುದೆಂಬುದು ಅಷ್ಟರಿಂದಲೇ ಗೋಚರವಾಗುತ್ತದೆ. ಇದೇ ಪ್ರಯೋಗವನ್ನು ಏಪ್ರಿಲಿನಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಮಾಡಿ ಹೋಲಿಸಿದರೆ ಇನ್ನೂ ಉತ್ತಮ.

ತೋಟದ ಹಿರಿಯರು ವರ್ಷಗಟ್ಟಲೆ ಇಂಚು ಸೆಂಟುಗಳಲ್ಲಿ ಬರೆದಿಟ್ಟ ಮಳೆಯ ಪುಸ್ತಕಗಳಿಂದಲೇ ಇಂದು ಆಯಾ ತೋಟದ ಮಳೆಯ ಸ್ವಭಾವವನ್ನು ತಿಳಿಯಲು ಸಾಧ್ಯವಾಗಿದೆ. ಈ ಹೊಸ ಮೋಡಕ್ಕೂ ಅಂಥ ಪುಸ್ತಕ ಬೇಕು. “ಸರ್ವರ್ ಇಲ್ಲ” ಎಂಬ ಮಾತನ್ನು ಕೇಳಿ ಸುಮ್ಮನೆ ಹಿಂದಿರುಗುವ ಬದಲು, “ಈ ತಿಂಗಳು ತೊಂಬತ್ತರಲ್ಲಿ ಆರು ಸಲ ಇರಲಿಲ್ಲ, ಅದರಲ್ಲಿ ನಾಲ್ಕು ಸಲ ಕಾರಣ ಬ್ಯಾಟರಿ” ಎಂದು ಅಂಕಿಗಳನ್ನು ಮುಂದಿಡುವ ಹುಡುಗನೋ ಹುಡುಗಿಯೋ ಊರಿನಲ್ಲಿದ್ದರೆ, ಗ್ರಾಮಸಭೆಯಲ್ಲಿ ಕೇಳಬೇಕಾದುದೇನೆಂಬುದು ಜನಕ್ಕೆ ತಿಳಿಯುತ್ತದೆ.